ಕತ್ತಿರಾಯರ ಕಾಡು

ಕನ್ನಡಕದ ಅಂಗಡಿಯ ಯಜಮಾನರಿಗೆ ಕತ್ತಿರಾಯರು ಎಂಬ ಹೆಸರು ಬಂದದ್ದು ಅವರು ಯಾರನ್ನೋ ಕಡಿದು ಹಾಕಿದ್ದರಿಂದಲ್ಲ. ಹುಟ್ಟಿದಾಗಿನಿಂದ ಅವರು ಕಡಿದದ್ದೆಂದರೆ ಉಗುರು ಮಾತ್ರ, ಅದೂ ಹಲ್ಲಿನಿಂದ. ಆದರೆ ಕಾಡಿಗೆ ಒಯ್ಯುವ ದೊಡ್ಡ ಚಾಕುಗಳ ವಿಷಯ ಎತ್ತಿದರೆ ಸಾಕು, ಊಟ ನಿದ್ದೆ ಬಿಟ್ಟು ಮಾತಿಗೆ ಕೂರುತ್ತಿದ್ದರು. ಯಾರೂ ಎತ್ತದಿದ್ದರೆ ತಾವೇ ಎತ್ತುತ್ತಿದ್ದರು. ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು ಕಿವಿಗೆ ಬಿದ್ದ ದಿನ ರಾಯರು ಅದನ್ನು ಬಿರುದೆಂದೇ ತಿಳಿದು, ಅಂಗಡಿಯ ಕನ್ನಡಿಯ ಮುಂದೆ ನಿಂತು ಮೀಸೆ ತೀಡಿಕೊಂಡರು.

ಅಂಗಡಿಯ ಹಿಂಭಾಗದಲ್ಲಿ ಕಣ್ಣು ಪರೀಕ್ಷೆಯ ಕೋಣೆ. ಎತ್ತರದ ಒಂದು ಕುರ್ಚಿ, ಎದುರು ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುವ ಅಕ್ಷರಗಳ ಫಲಕ, ಪಕ್ಕದಲ್ಲಿ ಲೆನ್ಸುಗಳ ಪೆಟ್ಟಿಗೆ. ಗಿರಾಕಿಯ ಮೂಗಿನ ಮೇಲೆ ಭಾರದ ಪರೀಕ್ಷೆ ಫ್ರೇಮು ಏರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕಿ, "ಇದು ಚೆನ್ನಾಗಿದ್ಯಾ, ಇದಾ?" ಎಂದು ಕೇಳುವುದು ಅವರ ಕಸುಬು. ಕಣ್ಣೆದುರು ಎಲ್ಲ ಮಂಜಾಗಿ, ಎದ್ದು ಓಡಲೂ ಬಾಗಿಲು ಕಾಣದ ಆ ಬಡಪಾಯಿಗೆ ರಾಯರು ಎರಡು ಗಾಜುಗಳ ನಡುವೆ ಕಾಡಿನ ಪಾಠ ಹೇಳುತ್ತಿದ್ದರು. ಪೇಪರ್ ಓದಲು ಕನ್ನಡಕ ಬೇಕೆಂದು ಬಂದ ಮುದುಕಿಯೊಬ್ಬಳು, ಹಸಿ ಕಟ್ಟಿಗೆ ಸೀಳಬೇಕಾದರೆ ಚಾಕುವಿನ ಬೆನ್ನು ಎಷ್ಟು ದಪ್ಪಗಿರಬೇಕು ಎಂಬುದನ್ನು ತಿಳಿದುಕೊಂಡು ಮನೆಗೆ ಹೋದಳು. ಅವಳಿಗೆ ಮಾಡಿಕೊಟ್ಟ ಕನ್ನಡಕದಲ್ಲಿ ಎಡಗಣ್ಣಿನ ಗಾಜು ಬಲಕ್ಕೆ ಕೂತಿತ್ತು.

ಅವರ ಸಿದ್ಧಾಂತ ಮಾತ್ರ ಖಚಿತ. ಮಡಚುವ ಚಾಕು ಸೇಬು ಹೆಚ್ಚುವವರಿಗೆ. ಕಾಡಿನ ಚಾಕು ಮಡಚಬಾರದು, ಅಲ್ಲಾಡಬಾರದು. ಅಲಗಿನ ಉಕ್ಕು ಹಿಡಿಯೊಳಗೆ ಹೊಕ್ಕು ಕೊನೆಯವರೆಗೂ ಒಂದೇ ತುಂಡಾಗಿ ಸಾಗಬೇಕು. ಅಲಗು ಗೇಣಿಗಿಂತ ಚಿಕ್ಕದಾದರೆ ಅದು ಆಟಿಕೆ. ತುಕ್ಕು ಹಿಡಿಯದ ಉಕ್ಕು ಸೋಮಾರಿಗಳಿಗೆ, ತುಕ್ಕು ಹಿಡಿಯುವ ಉಕ್ಕು ಗಂಡಸರಿಗೆ. ಮರದ ಹಿಡಿ ಮಳೆಗೆ ಉಬ್ಬುತ್ತದೆ, ರಬ್ಬರಿನ ಹಿಡಿ ಬಿಸಿಲಿಗೆ ಅಂಟುತ್ತದೆ, ಲೋಹದ ಹಿಡಿ ಚಳಿಗೆ ಕೊರೆಯುತ್ತದೆ. ಹೀಗೆ ಯಾವುದನ್ನೂ ಕೊಳ್ಳಲಾಗದಂತೆ ವಾದ ಹೂಡಿ, ಕೊನೆಗೆ ಎಲ್ಲವನ್ನೂ ಕೊಳ್ಳುತ್ತಿದ್ದರು. ಮನೆಯ ಗಾಜಿನ ಬೀರುವಿನಲ್ಲಿ ಕನ್ನಡಕದ ಡಬ್ಬಿಗಳ ಮಖಮಲ್ಲು ಹಾಸಿ, ಚಾಕುಗಳನ್ನು ಸಾಲಾಗಿ ಮಲಗಿಸಿದ್ದರು. ರಜೆಯ ದಿನ ಲೆನ್ಸು ಒರೆಸುವ ಬಟ್ಟೆಯಿಂದ ಒಂದೊಂದನ್ನೂ ಒರೆಸಿ, ಎಣ್ಣೆ ಸವರಿ, ಮತ್ತೆ ಮಲಗಿಸುವುದು. ಸ್ವಂತ ಮಗಳಿಗೂ ಅವರು ಅಷ್ಟು ಎಣ್ಣೆ ಹಚ್ಚಿರಲಿಲ್ಲ.

ಫೋನಿನಲ್ಲಿ ಒಂದು ಗುಂಪಿತ್ತು. ಅಲ್ಲಿದ್ದವರೆಲ್ಲ ಫ್ಯಾನಿನ ಕೆಳಗೆ ಕೂತು ಕಾಡಿನಲ್ಲಿ ಬದುಕುಳಿಯುವ ಧೀರರು. ರಾಯರು ಅವರ ಗುರುಗಳು. "ಗುರುಗಳೇ, ಕರಡಿ ಎದುರಾದರೆ ಯಾವ ಅಲಗು?" ಎಂದು ಒಬ್ಬ ಕೇಳುವನು. "ಕರಡಿಯ ಗಾತ್ರದ ಮೇಲೆ ಹೋಗುತ್ತದೆ" ಎಂದು ಇವರು ಬರೆಯುವರು. ಗುಂಪೆಲ್ಲ ಕೈಮುಗಿಯುವುದು. ರಾಯರು ಕಾಡಿಗೆ ಹೋದವರೇ ಅಲ್ಲ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ ವಿಡಿಯೊ ನೋಡಿ ನೋಡಿ ಬೆಳೆದ ಕಾಡು ಅದು. ಮೊದಮೊದಲು "ಹೀಗಂತೆ" ಎನ್ನುತ್ತಿದ್ದರು. ಆಮೇಲೆ "ಹೀಗೆ" ಎಂದರು. ಕೊನೆಗೆ "ನಾನು ಹೀಗೇ ಮಾಡಿದ್ದೆ" ಎಂಬಲ್ಲಿಗೆ ಬಂದು ಮುಟ್ಟಿದರು.

ಹೆಂಡತಿ ಶಾಲೆಯಲ್ಲಿ ಗಣಿತದ ಮೇಡಂ. ಉತ್ತರ ತಪ್ಪೆಂದು ಗೊತ್ತಿದ್ದೂ ಲೆಕ್ಕ ಮುಗಿಯುವವರೆಗೆ ಬಾಯಿ ಬಿಡದ ಹೆಂಗಸು. ಗಂಡನ ವಿಷಯದಲ್ಲಿ ಲೆಕ್ಕ ಇನ್ನೂ ಮುಗಿದಿರಲಿಲ್ಲ.

ಕಾಡಿಗೆ ಹೋಗುವ ಆಸೆ ನಿಜವಾಗಿ ಹತ್ತಿದ್ದು ಮಗಳಿಗೆ. ಕಾಲೇಜು ಮುಗಿಯುತ್ತಿದ್ದಂತೆ ಅವಳು ಒಂದು ಶಿಬಿರಕ್ಕೆ ಅರ್ಜಿ ಹಾಕಿ, ಓಟ, ಈಜು, ಭಾರ ಹೊರುವುದು ಎಲ್ಲ ಪರೀಕ್ಷೆ ದಾಟಿ, ಆಯ್ಕೆಯಾಗಿದ್ದಳು. ಅಲ್ಲಿ ಚೆನ್ನಾಗಿ ಮಾಡಿದವರನ್ನು ಕಾಡು ಸುತ್ತಿಸುವ ಮಾರ್ಗದರ್ಶಿಗಳ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ಅವಳಿಗೆ ಬೇಕಾಗಿದ್ದದ್ದು ಆ ಕೆಲಸ, ಬೇರೆ ಯಾವುದೂ ಅಲ್ಲ. ಒಮ್ಮೆ ವಾಪಸು ಕಳಿಸಿದವರನ್ನು ಆ ಶಿಬಿರ ಮತ್ತೆ ಕರೆಯುತ್ತಿರಲಿಲ್ಲ. ಈ ಮಾತನ್ನು ಅವಳು ಮನೆಯಲ್ಲಿ ಬಿಡಿಸಿ ಹೇಳಿದ್ದಳು. ಶಿಬಿರದವರ ಸೂಚನೆಯನ್ನೂ ಜೋರಾಗಿ ಓದಿದ್ದಳು: ಬೇಕಾದ ಚಾಕು ನಾವೇ ಕೊಡುತ್ತೇವೆ, ಯಾರೂ ಯಾವ ಆಯುಧವನ್ನೂ ತರಕೂಡದು.

"ಅದೆಲ್ಲಾ ಏನೂ ಗೊತ್ತಿಲ್ಲದವ್ರಿಗೆ ಹೇಳೋದು ಕಣಮ್ಮ. ಅವ್ರು ಕೊಡೋ ಚಾಕು ಬೆಣ್ಣೆ ಸವರೋಕೆ ಸರಿ" ಎಂದು ರಾಯರು ಮೂಗು ಮುರಿದರು.

ಅಂದಿನಿಂದ ಮಗಳಿಗೆ ಚಾಕು ಆರಿಸುವ ಕಾರ್ಯಕ್ರಮ ಶುರು. ಅವಳನ್ನು ಸೋಫಾದ ಮೇಲೆ ಕೂರಿಸಿ, ಅಂಗಡಿಯ ಅಭ್ಯಾಸದಂತೆ ಎರಡೆರಡನ್ನೇ ಕೈಗೆ ಕೊಟ್ಟು ಕೇಳಿದರು.

"ಇದು ಚೆನ್ನಾಗಿದ್ಯಾ, ಇದಾ?"

"ಎರಡೂ ಬೇಡಪ್ಪ."

"ಸರಿ. ಈಗ ಇದು ಮತ್ತೆ ಇದು?"

ಅವರ ಪರೀಕ್ಷೆಯಲ್ಲಿ ಬೇಡ ಎಂಬ ಉತ್ತರಕ್ಕೆ ಜಾಗವಿರಲಿಲ್ಲ. ಮಗಳಿಗೆ ತಲೆ ಚಿಟ್ಟು ಹಿಡಿಯಿತು. "ಅಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಬ್ಯಾಗಿಗೆ ಏನೂ ಹಾಕ್ಬೇಡ" ಎಂದು ಎದ್ದು ಹೋದಳು. ರಾಯರು ಆಯಿತು ಎಂದರು. ಹೊರಡುವ ದಿನ ಅವಳು ಸ್ನಾನಕ್ಕೆ ಹೋದಾಗ, ಸುರುಳಿ ಸುತ್ತಿದ್ದ ಹೊದಿಕೆಯ ನಡುವೆ ಬೀರುವಿನ ಅತಿ ದೊಡ್ಡ ಚಾಕುವನ್ನು ತುರುಕಿದರು. ಇದನ್ನು ಪ್ರೀತಿ ಎಂದೇ ಅವರು ನಂಬಿದ್ದರು. ಪ್ರೀತಿ ಇರಲಿಲ್ಲ ಎಂದು ನಾನೂ ಹೇಳುವುದಿಲ್ಲ. ಆದರೆ ಅದರಲ್ಲಿ ಮುಕ್ಕಾಲು ಪಾಲು, ಕಾಡಿನಲ್ಲಿ ಆ ಚಾಕು ಹೊರಬಂದಾಗ "ಇದನ್ನು ಆರಿಸಿದವರು ಯಾರು?" ಎಂದು ಎಲ್ಲರೂ ಬೆರಗಾಗುವ ಚಿತ್ರವೇ ಆಗಿತ್ತು.

ಶಿಬಿರದ ಬಸ್ಸು ಹೊರಡುವುದು ಒಂದು ಮೈದಾನದ ಅಂಚಿನಿಂದ. ತಾಯ್ತಂದೆಯರೆಲ್ಲ ಬೇಗನೆ ಬಂದು ಕಾಯುತ್ತಿದ್ದರು. ಕಾಯುವ ಜನ ಸಿಕ್ಕರೆ ರಾಯರಿಗೆ ಇನ್ನೇನು ಬೇಕು! ಟೈರಿನ ಅಂಗಡಿಯವನೊಬ್ಬ ಮಗನನ್ನು ಬಿಡಲು ಬಂದವನು, ಕಾಡಿನಲ್ಲಿ ಮಕ್ಕಳಿಗೆ ಏನಾದರೂ ಆದರೆ ಎಂದು ಬಾಯಿ ತಪ್ಪಿ ಕೇಳಿಬಿಟ್ಟ. ರಾಯರು ಅವನ ಹೆಗಲ ಮೇಲೆ ಕೈ ಹಾಕಿದರು. ತಾವು ಕಾಡಿನಲ್ಲಿ ಕಳೆದ ರಾತ್ರಿಗಳಿಗೆ ಲೆಕ್ಕವಿಲ್ಲವೆಂದರು. ಒಮ್ಮೆ ಕರಡಿಯೊಂದು ಎರಡು ಮಾರು ದೂರದಲ್ಲಿ ನಿಂತು ತಮ್ಮನ್ನೇ ನೋಡಿತೆಂದೂ, ತಾವೂ ಅದನ್ನು ನೋಡಿದೆವೆಂದೂ, ಕೊನೆಗೆ ಅದೇ ಕಣ್ಣು ತಪ್ಪಿಸಿತೆಂದೂ ಹೇಳಿದರು. ಸುತ್ತ ಜನ ಸೇರಿತು. ಹೆಂಡತಿ ಸ್ವಲ್ಪ ದೂರ ಸರಿದು ಬಸ್ಸಿನ ಚಕ್ರ ನೋಡುತ್ತ ನಿಂತಳು.

ಅಷ್ಟರಲ್ಲಿ ಶಿಬಿರದ ಮುಖ್ಯಸ್ಥೆ ಬಂದಳು. ಗಿಡ್ಡ ಕೂದಲು, ಕೊರಳಲ್ಲಿ ಸೀಟಿ, ಬಿಸಿಲಿಗೆ ಸುಟ್ಟ ಮೂಗು. ನೆಲಕ್ಕೆ ಟಾರ್ಪಾಲು ಹಾಸಿ, ಒಂದೊಂದೇ ಬ್ಯಾಗನ್ನು ಅದರ ಮೇಲೆ ಸುರಿಸತೊಡಗಿದಳು. ರಾಯರ ಮಾತು ನಿಂತಿತು. ಬ್ಯಾಗು ಸುರಿದು ನೋಡುತ್ತಾರೆಂದು ಯಾವ ವಿಡಿಯೊದಲ್ಲೂ ಇರಲಿಲ್ಲ. ಮಗಳ ಸರದಿ ಬಂತು. ಹೊದಿಕೆ ಬಿಚ್ಚಿಕೊಂಡು, ಚಾಕು ಒರೆಯ ಸಮೇತ ಟಾರ್ಪಾಲಿನ ಮೇಲೆ ಧಡ್ ಎಂದು ಬಿತ್ತು.

ಮಗಳು ಅದನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು.

"ಯಾರದಮ್ಮ ಈ ಮಚ್ಚು?" ಎಂದಳು ಮುಖ್ಯಸ್ಥೆ.

"ಮಚ್ಚಲ್ಲ ಮೇಡಂ," ಎಂದು ರಾಯರ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. "ಮಚ್ಚು ಬೇರೆ, ಇದು ಬೇರೆ. ಇದರ ಬೆನ್ನು ನೋಡಿ, ಉಕ್ಕು ಹಿಡಿ ಕೊನೇವರೆಗೂ..."

ಮಗಳ ಬದುಕು ಟಾರ್ಪಾಲಿನ ಮೇಲೆ ಬಿದ್ದಿರುವಾಗ ಈ ಮನುಷ್ಯ ಮೊದಲು ಎತ್ತಿಕೊಂಡದ್ದು ಚಾಕುವಿನ ಮರ್ಯಾದೆಯನ್ನು. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

"ನಾನಿಟ್ಟಿದ್ದಲ್ಲ ಮೇಡಂ," ಎಂದಳು ಮಗಳು.

"ಸಿಕ್ಕಿಬಿದ್ದೋರೆಲ್ಲಾ ಹೀಗೇ ಹೇಳೋದು. ಬೇಡ ಅಂದಿದ್ದನ್ನ ಕದ್ದು ತರೋರು ಕಾಡಲ್ಲಿ ನನ್ನ ಮಾತು ಕೇಳಲ್ಲ. ಅಂಥವ್ರಿಂದ ಉಳಿದವ್ರ ಜೀವಕ್ಕೆ ಕಷ್ಟ. ಸಾಮಾನು ಕಟ್ಕೊಳಮ್ಮ, ಮನೆಗೆ ಹೋಗು."

ಆಗ ರಾಯರು ಟಾರ್ಪಾಲಿನ ಹತ್ತಿರ ಬಂದರು. "ಮೇಡಂ, ಇಟ್ಟಿದ್ದು ನಾನು. ಅವಳಿಗೆ ಗೊತ್ತೇ ಇಲ್ಲ" ಎಂದರು. ಇದು ಅಪ್ಪಟ ನಿಜ. ಆದರೆ ಅಷ್ಟು ಹೊತ್ತು ಅವರು ಆಡಿದ್ದ ಸುಳ್ಳು ಈಗ ಕೆಲಸಕ್ಕೆ ನಿಂತಿತು.

"ಎಂಥಾ ತಂದೆ ನೋಡಿ!" ಎಂದು ಟೈರಿನವನು ಕಣ್ಣು ಒರೆಸಿಕೊಂಡ. "ಮಗಳ ತಪ್ಪನ್ನ ತನ್ನ ಮೈಮೇಲೆ ಎಳ್ಕೊಳ್ತಿದಾರೆ. ಅಪ್ಪ ಅಂದ್ರೆ ಹೀಗಿರ್ಬೇಕು."

ಮುಖ್ಯಸ್ಥೆಯೂ ಮೆತ್ತಗಾದಳು, ರಾಯರ ಬಗ್ಗೆ ಮಾತ್ರ. "ಸರ್, ನಿಮ್ಮ ಅನುಭವದ ಮಾತು ಬರ್ತಾ ನನ್ನ ಕಿವಿಗೂ ಬಿತ್ತು. ಅಷ್ಟು ಕಾಡು ಸುತ್ತಿದೋರು ಶಿಬಿರಕ್ಕೆ ಹೊರಟ ಹುಡುಗಿ ಬ್ಯಾಗಲ್ಲಿ ಇಂಥದ್ದು ಇಡ್ತಾರಾ? ನಿಮ್ಮ ಮನಸ್ಸು ದೊಡ್ಡದು. ಆದ್ರೆ ನಂಗೆ ಸುಳ್ಳು ಹೇಳ್ಬೇಡಿ."

ಜನ ತಲೆಯಾಡಿಸಿತು. ಆ ಒಂದು ಗಳಿಗೆ ರಾಯರು ಸುಮ್ಮನೆ ನಿಂತರು. ಯಾಕೆ ನಿಂತರೆಂದು ಮುಚ್ಚಿಡುವುದಿಲ್ಲ: ಹೊಗಳಿಕೆ ಹಿತವಾಗಿತ್ತು. ಕಾಡು ಗೆದ್ದ ವೀರ, ಮಗಳಿಗಾಗಿ ತಲೆ ಕೊಡುವ ತಂದೆ, ಎರಡೂ ಒಂದೇ ಬೆಳಗಿನಲ್ಲಿ! ಹಾಗೇ ಮನೆಗೆ ಹೋದರೆ ಹೆಸರಿಗೆ ಒಂದು ಗೀರೂ ಬೀಳುತ್ತಿರಲಿಲ್ಲ. ಆಗಲೇ ಮಗಳು ನೆಲಕ್ಕೆ ಕೂತು, ಬಟ್ಟೆಗಳನ್ನು ಮತ್ತೆ ಬ್ಯಾಗಿಗೆ ತುಂಬತೊಡಗಿದ್ದು ಕಂಡಿತು. ಅಳುತ್ತಿರಲಿಲ್ಲ, ಜಗಳವಾಡುತ್ತಿರಲಿಲ್ಲ. ಅಪ್ಪನಿಂದ ಇನ್ನೇನು ತಾನೆ ಬರುತ್ತದೆ ಎಂಬಂತೆ ಒಂದೊಂದೇ ಕಾಲುಚೀಲವನ್ನು ಮಡಚಿ ಇಡುತ್ತಿದ್ದಳು.

"ನಾನು ಕಾಡಿಗೆ ಹೋಗೇ ಇಲ್ಲ," ಎಂದರು ರಾಯರು.

"ಬಿಡಿ ಸರ್, ಸಾಕು" ಎಂದ ಟೈರಿನವನು, ಗೌರವದಿಂದ.

"ಇಲ್ಲಾರೀ! ನಿಜವಾಗ್ಲೂ ಹೋಗಿಲ್ಲ! ನಂಗೆ ಏನೂ ಬರಲ್ಲ!"

"ತುಂಬಿದ ಕೊಡ ಸಾರ್ ನೀವು," ಎಂದು ಯಾರೋ ಹಿಂದಿನಿಂದ ಉಬ್ಬಿಸಿದರು.

ಸುಳ್ಳು ಹೇಳಿ ನಂಬಿಸಲು ಒಂದು ಗಳಿಗೆ ಹಿಡಿಯದ ಮನುಷ್ಯನಿಗೆ ನಿಜವನ್ನು ನಂಬಿಸಲು ಬೆವರು ಕಿತ್ತುಬಂತು. ಸುತ್ತ ನೋಡಿದರು. ಬಸ್ಸಿನ ಚಕ್ರದ ಬಳಿ ಹೆಂಡತಿ ಇನ್ನೂ ಹಾಗೇ ನಿಂತಿದ್ದಳು.

"ಲೇ, ನೀನಾದ್ರೂ ಹೇಳೇ!"

"ಏನ್ ಹೇಳ್ಲಿ?"

"ಎಲ್ಲಾ ಹೇಳು."

"ಎಲ್ಲಾನೂನಾ?" ಎಂದು ಅವಳು ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡಳು. ಆಮೇಲೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಇವ್ರ ಮಾತು ನಿಜ ಮೇಡಂ. ಮದುವೆಯಾದ ಹೊಸದ್ರಲ್ಲಿ ಬೆಟ್ಟದ ಮೇಲೆ ಒಂದು ಬಂಗಲೇಲಿ ಉಳ್ಕೊಂಡಿದ್ವಿ. ಹೊರಗೆ ಏನೋ ಕೂಗ್ತು ಅಂತ ಮಂಚದ ಮೇಲೆ ನಿಂತ್ಕೊಂಡು ಬೆಳಗು ಮಾಡಿದ್ರು. ನೋಡಿದ್ರೆ ಕಪ್ಪೆ. ಮನೇಲಿ ಹಲ್ಲಿ ಕಂಡ್ರೆ ಪಕ್ಕದ ಮನೆ ಅಜ್ಜೀನ ಕರೀತಾರೆ, ಅವ್ರಿಗೆ ಮಂಡಿನೋವು ಬೇರೆ. ಅಡುಗೆಮನೆ ಚಾಕು ಮೊಂಡಾಗಿದೆ, ಮಸೆದು ಕೊಡಿ ಅಂದೆ. ಯಾವ ಕಲ್ಲು ಒಳ್ಳೇದು ಅಂತ ಓದೋಕೆ ಕೂತ್ರು. ಇನ್ನೂ ಓದ್ತಿದಾರೆ. ನಾನು ಟೊಮೆಟೊ ಕೈಯಲ್ಲೇ ಹಿಸುಕ್ತೀನಿ. ಮೊನ್ನೆ ಹೊಸಾ ಚಾಕು ಪಾರ್ಸೆಲ್ ಬಂತು. ಡಬ್ಬ ಬಿಚ್ಚೋಕೆ ಮನೆಯೆಲ್ಲಾ ಕತ್ತರಿ ಹುಡುಕಿದ್ರು. ಬೀರು ತುಂಬ ಚಾಕು ಇದ್ಯಲ್ಲಾ ಅಂದ್ರೆ, ಅಯ್ಯೋ, ಅದು ಕೈಗೆ ತಾಗುತ್ತೆ ಅಂದ್ರು."

ಮೊದಲು ನಕ್ಕದ್ದು ಬಸ್ಸಿನ ಡ್ರೈವರು. ಆಮೇಲೆ ಮೈದಾನವೇ ನಕ್ಕಿತು.

"ಹಾಗಾದ್ರೆ ಆ ಕರಡಿ?" ಎಂದ ಟೈರಿನವನು, ಆಸೆ ಬಿಡದೆ.

"ಕರಡೀನೂ ಇಲ್ಲ," ಎಂದರು ರಾಯರು. ನೆಲ ನೋಡುತ್ತಿದ್ದರು. ಮುಖ ಕಿವಿಯವರೆಗೂ ಕೆಂಪಾಗಿತ್ತು. ಆದರೆ ಹೆಂಡತಿ ಉಸಿರು ತೆಗೆದುಕೊಳ್ಳಲು ನಿಂತಾಗ, ಸಾಲದೇನೋ ಎಂಬ ಭಯದಲ್ಲಿ ಅವರೇ ಮೆಲ್ಲಗೆ, "ಆ ಬಾವಲಿ ವಿಷ್ಯ ಹೇಳು" ಎಂದರು.

ಅವರನ್ನು ಕ್ಷಮಿಸಲು ನನಗೆ ಸಿಕ್ಕ ಕಾರಣ ಆ ಒಂದು ಮಾತು.

ಮುಖ್ಯಸ್ಥೆ ಸೀಟಿಯನ್ನು ಬಾಯಿಗೆ ಅಡ್ಡ ಹಿಡಿದು ನಗು ತಡೆದಳು. ಬಾವಲಿಯ ವಿಷಯ ಬೇಡವೆಂದಳು. ಚಾಕುವನ್ನು ರಾಯರ ಕೈಗೆ ಕೊಟ್ಟು, ಮಗಳತ್ತ ತಿರುಗಿ, "ಹತ್ತಮ್ಮ ಬಸ್ಸು. ಬ್ಯಾಗು ದಾರೀಲಿ ಸರಿಮಾಡ್ಕೋ" ಎಂದಳು.

ಬಸ್ಸು ಗುರುಗುಟ್ಟತೊಡಗಿತು. ರಾಯರು ಕಿಟಕಿಯ ಕೆಳಗೆ ಹೋಗಿ ನಿಂತರು. ಮಗಳು ಎಲ್ಲಿ ಮಲಗುತ್ತಾಳೆ, ಅಲ್ಲಿನ ಚಳಿ ಎಂಥದು, ಕತ್ತಲು ಎಂಥದು ಎಂಬುದನ್ನು ಊಹಿಸಲು ಹೋದರೆ ತಲೆಯೊಳಗೆ ಅಂಗಡಿಯ ಗೋಡೆ ಬಿಟ್ಟು ಬೇರೇನೂ ಬರಲಿಲ್ಲ. ಹೆದರಿಕೆಯಾಯಿತು, ಈ ಸಲ ನಿಜವಾದದ್ದು.

ಮಗಳು ಕಿಟಕಿಯ ಗಾಜು ಸರಿಸಿ ಕೆಳಗೆ ಬಗ್ಗಿದಳು. ಕಣ್ಣಲ್ಲಿ ಸಿಟ್ಟು ಇನ್ನೂ ಇತ್ತು.

"ಹೇಳಪ್ಪ ಈಗ, ಅಲ್ಲಿ ನಾನು ಯಾವುದಕ್ಕೆ ಹುಷಾರಾಗಿರ್ಬೇಕು?"

"ನಂಗೆ ಗೊತ್ತಿಲ್ಲ ಕಣಮ್ಮ," ಎಂದರು ರಾಯರು.

ಬಸ್ಸು ಚಲಿಸತೊಡಗಿದಾಗ ಅವಳು ಕೈ ಚಾಚಿ ಅವರ ತಲೆ ಮುಟ್ಟಿ ಹೇಳಿದಳು:

"ಬಂದು ಹೇಳ್ತೀನಿ ಬಿಡು."