ಕೇಳಿ ತಂದ ತೊಗಟೆ

ಅವ್ವ ಜಾಲಿ ಗಿಡದ ಮುಂದೆ ನಿಂತು ಮಾತಾಡುವುದನ್ನು ನೋಡುತ್ತ ಬೆಳೆದವನು ನಾನು. ಇಂಗಳೇಶ್ವರದ ನಮ್ಮ ಹೊಲದ ಬದುವಿನ ಮೇಲೆ ಒಂದು ಹಳೇ ಜಾಲಿ ಇತ್ತು. ಅವ್ವನಿಲ್ಲದ ಈ ಹೊತ್ತಿಗೂ ಇದೆ. ಹಲ್ಲುನೋವು, ವಸಡಿನ ಬಾವು ಎಂದು ದೇವರ ಹಿಪ್ಪರಗಿಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಅವ್ವ ಅದರ ತೊಗಟೆ ಕುದಿಸಿ ಬಾಯಿ ಮುಕ್ಕಳಿಸಲು ಕೊಡುತ್ತಿದ್ದಳು. ಆದರೆ ಬಂದ ದಿನವೇ ಯಾರಿಗೂ ಸಿಗುತ್ತಿರಲಿಲ್ಲ. ಹಿಂದಿನ ಸಂಜೆ ಗಿಡಕ್ಕೆ ಅರಿಷಿಣ ಹಚ್ಚಿ, ನೀರು ಹಾಕಿ, ರೋಗಿಯ ಹೆಸರನ್ನು ಗಟ್ಟಿಯಾಗಿ ಹೇಳಿ, "ನಾಳೆ ಬರ್ತೇನಿ, ಅಂಗೈಯಷ್ಟು ಕೊಡವ್ವ" ಎಂದು ಕೇಳಬೇಕು. ಮುಂಜಾನೆ ಹೋಗಿ ಅಷ್ಟೇ ಕೆತ್ತಿಕೊಳ್ಳಬೇಕು. ತನಗಾಗಿ ತಾನೇ ಕೇಳುವಂತಿಲ್ಲ, ಇನ್ನೊಬ್ಬರಿಗಾಗಿ ಮಾತ್ರ. ಬಂದವನು ಗಲ್ಲ ಹಿಡಿದುಕೊಂಡು ನಮ್ಮ ಪಡಸಾಲೆಯಲ್ಲಿ ಎಷ್ಟು ನರಳಿದರೂ ಅವಳು ನಿಯಮ ಬಿಟ್ಟವಳಲ್ಲ.

ಆ ಸಂಜೆಗಳೆಂದರೆ ನನಗೆ ಪ್ರಾಣ. ಅರಿಷಿಣದ ವಾಸನೆ, ತೊಗರಿ ಹೊಲದ ಗಾಳಿ, ಗುರುತಿಲ್ಲದವರ ಹೆಸರನ್ನೂ ಮನೆಯವರ ಹೆಸರಿನಂತೆ ಹೇಳುವ ಅವ್ವನ ದನಿ. ಈಗ ನೆನೆದರೂ ಎದೆ ತುಂಬಿ ಬರುತ್ತದೆ.

ಮುಂದೆ ನಾನು ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರನಾದೆ. ಗಿಡದ ಜೊತೆ ಮಾತಾಡುವ ವಿಷಯ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಕೆಲವು ವರ್ಷಗಳ ಹಿಂದೆ ಅವ್ವನ ಕಾಲುಗಳು ಬಾತುಕೊಳ್ಳತೊಡಗಿದವು. ಸಂಜೆಯಾದರೆ ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೊಲಕ್ಕೆ ಹೋಗುವುದು ನಿಂತಿತು, ನಿಧಾನಕ್ಕೆ ಮಾತೂ ಕಡಿಮೆಯಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ರಕ್ತನಾಳಗಳು ಸಡಿಲಾಗಿವೆ ಎಂದು ಡಾಕ್ಟರು ಗುಳಿಗೆ ಕೊಟ್ಟು, ಜೊತೆಗೆ ಪೈನ್ ಮರದ ತೊಗಟೆಯ ಸಾರದ ಕ್ಯಾಪ್ಸೂಲನ್ನೂ ಬರೆದರು. ಅದರಲ್ಲಿ ಫ್ಲೇವನಾಯ್ಡ್ ಎಂಬ ಅಂಶವಿದೆ, ಕೆಲವರಿಗೆ ಬಾವು ಇಳಿಯುತ್ತದೆ, ಖಾತ್ರಿಯೇನಿಲ್ಲ, ನೋಡೋಣ ಎಂದರು.

ಅವ್ವನಿಗೆ ಖುಷಿಯಾಗಲಿ ಎಂದು ನಾನು, "ಇದೂ ತೊಗಟೀನ ಅವ್ವ" ಎಂದುಬಿಟ್ಟೆ. ಸುಮ್ಮನೆ ಗುಳಿಗೆ ಎಂದಿದ್ದರೆ ನುಂಗಿಬಿಡುತ್ತಿದ್ದಳು.

"ಯಾರು ಕೇಳ್ಯಾರ?" ಎಂದಳು.

"ಯಾರಿಗೆ?"

"ಗಿಡಕ್ಕ. ನನ್ನ ಹೆಸರು ಹೇಳಿ ಯಾರು ಕೇಳ್ಯಾರ?"

ಆ ಮರ ಸಮುದ್ರದಾಚೆ ಇದೆ, ಸಾರ ತೆಗೆಯುವುದು ಕಾರ್ಖಾನೆಯಲ್ಲಿ ಎಂದು ದೊಡ್ಡ ಪಾಠವನ್ನೇ ಮಾಡಿದೆ. ಅವ್ವ ಕೇಳಿಸಿಕೊಂಡು ಕ್ಯಾಪ್ಸೂಲಿನ ಬಾಟಲಿಯನ್ನು ಗೋಡೆಯ ಮಾಡದಲ್ಲಿಟ್ಟಳು. ವಾರ ಕಳೆದರೂ ಮುಟ್ಟಲಿಲ್ಲ. ಬಾವು ಮಾತ್ರ ಏರುತ್ತಲೇ ಹೋಯಿತು. ನಾನು ರೇಗಿದೆ.

"ಒದರಬ್ಯಾಡ," ಎಂದಳು. "ನಮ್ಮ ಜಾಲಿಗೆ ಹೇಳಿ ಬಾ. ಅದು ಆ ಗಿಡಕ್ಕ ಮುಟ್ಟಸ್ತೈತಿ. ನನಗ ನಾನ ಕೇಳಾಕ ಬರಾಂಗಿಲ್ಲ. ನೀ ಬಿಟ್ರ ನನಗ ಯಾರ ಅದಾರ?"

ಸಂಜೆ ಹೊಲಕ್ಕೆ ಹೋಗಲು ಬೈಕು ಹತ್ತಿದೆ. ದಾರಿಯಲ್ಲಿ ನನ್ನ ವಿದ್ಯಾರ್ಥಿಗಳು ಯಾರೂ ಸಿಗದಿದ್ದರೆ ಸಾಕಪ್ಪಾ ಎನ್ನಿಸಿತ್ತು. ಗಿಡಕ್ಕೆ ಅರಿಷಿಣ ಹಚ್ಚಿ, ನೀರು ಹಾಕಿ ನಿಂತೆ. ಹೆಸರು ಹೇಳಲು ಬಾಯಿ ಬರಲಿಲ್ಲ. ನಾಚಿಕೆಯಿಂದಲ್ಲ. ಅವ್ವನ ಹೆಸರನ್ನು ಅರ್ಜಿಗಳಲ್ಲಿ ಬರೆದಿದ್ದೆನೇ ಹೊರತು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಅಪ್ಪ ಇರುವವರೆಗೆ ಅವನಿಗೆ ಅವಳು 'ಇಕಿ', ಊರಿಗೆ ನನ್ನ ಅವ್ವ. ಅಷ್ಟು ಜನರ ಹೆಸರು ಕೇಳಿದ ಆ ಗಿಡಕ್ಕೂ ಅವಳ ಹೆಸರು ಗೊತ್ತಿರಲಿಲ್ಲ.

ಮೊದಲು ಮೆಲ್ಲಗೆ ಹೇಳಿದೆ. ಆಮೇಲೆ ನಿಯಮದಂತೆ ಗಟ್ಟಿಯಾಗಿ ಹೇಳಿದೆ.

ಮರುದಿನ ಮುಂಜಾನೆ ಅವ್ವ ತಾನೇ ಬಾಟಲಿ ತೆಗೆದಳು. ಕ್ಯಾಪ್ಸೂಲನ್ನು ಅಂಗೈಯಲ್ಲಿಟ್ಟುಕೊಂಡು, "ಗಿಡಕ್ಕ ಹೆಂಗ ಹೇಳಿದಿ? ನನ್ನ ಮುಂದ ಒಮ್ಮಿ ಹೇಳು" ಎಂದಳು.

ಹೇಳಿದೆ.

"ನಮ್ಮವ್ವ ಹೋದಮ್ಯಾಲೆ ಹಂಗ ಯಾರೂ ಕರದಿಲ್ಲ" ಎಂದು, ಕ್ಯಾಪ್ಸೂಲನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.