ಮಂಚದ ಸುತ್ತ ಚರಗ

ಗದಗಿನ ಆಸ್ಪತ್ರೆಯಲ್ಲಿ ಅಪ್ಪ ನನ್ನ ಮಂಚದ ಸುತ್ತ ಚರಗ ಚೆಲ್ಲತೊಡಗಿದಾಗ ಸಿಸ್ಟರ್ ಓಡಿಬಂದರು. “ಕಾಕಾರ, ಏನ್ ಮಾಡಾಕತ್ತೀರಿ? ಇದು ವಾರ್ಡ್ ಐತ್ರಿ, ಹೊಲ ಅಲ್ಲ!”

ಅಂದು ಸೀಗಿ ಹುಣ್ಣಿಮೆ. ಪೈರು ಹೊತ್ತ ಭೂಮಿತಾಯಿ ಬಸುರಿಯೆಂದು ಹೊಲದ ತುಂಬ ಬಯಕೆಯ ಊಟದ ಚರಗ ಚೆಲ್ಲುವ ಹಬ್ಬ. ನಾನೂ ಐದು ತಿಂಗಳ ಬಸುರಿ. ಹಿಂದಿನ ಕೂಸು ಇದೇ ತಿಂಗಳಲ್ಲಿ, ಒಂದು ನೋವೂ ಕೊಡದೆ ಜಾರಿಹೋಗಿತ್ತು. ಈ ಸಲ ಗರ್ಭಕೋಶದ ಬಾಯಿ ಗಿಡ್ಡವಾಗುತ್ತಿರುವುದು ಸ್ಕ್ಯಾನಿಂಗ್‌ನಲ್ಲಿ ಮೊದಲೇ ಕಂಡಿದ್ದರಿಂದ ಡಾಕ್ಟರು ಅದಕ್ಕೆ ಹೊಲಿಗೆ ಹಾಕಿದ್ದರು. ಹಮ್ಮಿಗಿಯ ತವರಿಗೆ ಹೋಗುವಂತಿರಲಿಲ್ಲ. ಹೊಲದ ಬದುವಿನಲ್ಲಿ ಕುಳಿತು ಉಣ್ಣುವ ಆಸೆ ಹತ್ತಿಕ್ಕಲಾಗದೆ ಬೆಳಿಗ್ಗೆಯಿಂದ ಗೋಡೆಗೆ ಮುಖ ಮಾಡಿ ಮಲಗಿದ್ದೆ.

ಹೊಲದಲ್ಲಿ ಪೂಜೆ ಮುಗಿಸಿದವನೇ ಅಪ್ಪ ಬುತ್ತಿ ಕಟ್ಟಿಕೊಂಡು ಬಸ್ ಹತ್ತಿದ್ದ. ಸಿಸ್ಟರ್ ಗದರಿದರೂ ನಿಲ್ಲಲಿಲ್ಲ. ಹೊಲದಲ್ಲಿ ಕೂಗುವ “ಹುಲಿಗ್ಯೋ... ಹುಲಿಗ್ಯೋ” ಎಂಬುದನ್ನೇ, ಪಕ್ಕದ ಮಂಚದವರಿಗೆ ಎಚ್ಚರವಾಗದಂತೆ ಪಿಸುದನಿಯಲ್ಲಿ ಕೂಗುತ್ತ ಸುತ್ತು ಮುಗಿಸಿದ. ಸಜ್ಜಿ ಕಡುಬು ಮುರಿದು ನನ್ನ ಬಾಯಿಗಿಟ್ಟ.

“ಭೂಮಿತಾಯೀನೂ ಎಲ್ಲಿಗೂ ಹೋಗಂಗಿಲ್ಲವಾ. ಇದ್ದಲ್ಲೇ ಉಣ್ಣತಾಳ, ಇದ್ದಲ್ಲೇ ಹಡೀತಾಳ. ಉಣ್ಣು ನನ್ನವ್ವ.”

ಸಿಸ್ಟರ್ ಕೈಚಾಚಿ ತಾವೂ ಒಂದು ಕಡುಬು ಇಸಿದುಕೊಂಡರು.

ಈಗ ಸೀಗಿ ಹುಣ್ಣಿಮೆಗೆ ಮಗಳನ್ನು ಎತ್ತಿಕೊಂಡು ಹೊಲಕ್ಕೇ ಹೋಗುತ್ತೇನೆ. ಅಪ್ಪ ಗಂಟಲು ಹರಿಯುವಂತೆ ಕೂಗುತ್ತ ಚರಗ ಚೆಲ್ಲುತ್ತಾನೆ. ನನ್ನ ಕಿವಿ ಮಾತ್ರ ಆ ಪಿಸುದನಿಗೇ ಹಂಬಲಿಸುತ್ತದೆ.