ಬಸುರಿ ಕಂಬ

ಹಳೆಯ ಕಟ್ಟಡಗಳೆಂದರೆ ನನಗೆ ಹುಚ್ಚು. ರಜೆ ಸಿಕ್ಕರೆ ಸಾಕು, ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತೇನೆ. ಕಾಂಬೋಡಿಯಾದ ಗುಡಿಗಳನ್ನು ಬಿಸಿಲಲ್ಲಿ ಸುತ್ತಿದ್ದೇನೆ. ರೋಮಿನಲ್ಲಿ ಭಕ್ತರು ಮುಟ್ಟಿ ಮುಟ್ಟಿ ಸವೆಸಿದ ಸಂತನ ಪಾದದ ಮುಂದೆ ಅರ್ಧ ದಿನ ನಿಂತಿದ್ದೇನೆ. ಮುಳಬಾಗಿಲ ಕಡೆ ಇರುವ ಅಮ್ಮನ ತವರೂರಿನ ಗುಡಿಯ ಫೋಟೋ ಮಾತ್ರ ನನ್ನ ಹತ್ತಿರ ಒಂದೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

ಆ ಗುಡಿಯ ಮಂಟಪದ ಒಂದು ಕಂಬದಲ್ಲಿ ತುಂಬು ಬಸುರಿಯೊಬ್ಬಳ ಉಬ್ಬುಚಿತ್ರ. ಇಡೀ ಚಿತ್ರ ಒಂದು ಅಂಗೈಯಷ್ಟು, ಅದೂ ಸವೆದು ಸವೆದು ತೆಳ್ಳಗಾದದ್ದು. ಊರಿನ ಹೆಣ್ಣುಮಕ್ಕಳು ಏಳನೇ ತಿಂಗಳಲ್ಲಿ ಬಂದು ಅವಳ ಹೊಟ್ಟೆಗೆ ಹರಳೆಣ್ಣೆ ಸವರುತ್ತಾರೆ, ಕೈಯಲ್ಲಿ ಉಳಿದದ್ದನ್ನು ತಮ್ಮ ಹೊಟ್ಟೆಗೆ ಹಚ್ಚಿಕೊಳ್ಳುತ್ತಾರೆ. ಹೆರಿಗೆ ಸುಸೂತ್ರವಾಗಲಿ ಅಂತ. ಎಷ್ಟು ತಲೆಮಾರಿನ ಎಣ್ಣೆಯೋ, ಆ ಹೊಟ್ಟೆ ಹಳೆಯ ಬಾಣಲೆಯ ಹಾಗೆ ಕಪ್ಪಗೆ ಮಿರುಗುತ್ತಿತ್ತು.

ನನ್ನ ತಂಗಿಯ ಮೊದಲ ಮಗು ಹೊಟ್ಟೆಯಲ್ಲೇ ಹೋಯಿತು. ಆಗ ಲಾಕ್‌ಡೌನ್, ಶ್ರೀನಿವಾಸಪುರದ ಗಂಡನ ಮನೆಯಿಂದ ಆ ಗುಡಿಗೆ ಬರಲಾಗಲಿಲ್ಲ. ಡಾಕ್ಟರು ಏನೇನೋ ಕಾರಣ ಹೇಳಿದರು. ಅವಳು ನಂಬಿದ್ದು ಒಂದೇ ಕಾರಣವನ್ನು, ಕಂಬಕ್ಕೆ ಎಣ್ಣೆ ಹಚ್ಚಲಿಲ್ಲ ಎಂಬುದನ್ನು. ಈ ಸಲ ಏಳಕ್ಕೆ ಬಿದ್ದ ವಾರವೇ ಹಟ ಹಿಡಿದು ನನ್ನನ್ನೂ ಅಮ್ಮನನ್ನೂ ಹೊರಡಿಸಿದಳು. ರಾತ್ರಿ ನಿದ್ದೆ ಬರುವುದಿಲ್ಲ, ಮಗು ಸ್ವಲ್ಪ ಹೊತ್ತು ಅಲುಗದಿದ್ದರೆ ಎದ್ದು ಕೂರುತ್ತಾಳೆ ಎಂದು ಅವಳ ಗಂಡ ಹೇಳಿದ್ದ. ನನಗೂ ಭಯವಿತ್ತು.

ಗುಡಿ ದೂರದಿಂದಲೇ ಬೆಳ್ಳಗೆ ಕಾಣಿಸಿತು. ಜೀರ್ಣೋದ್ಧಾರವಂತೆ. ಕಂಬಗಳಿಗೆಲ್ಲ ಯಂತ್ರದಿಂದ ಮರಳು ಹೊಡೆಸಿ ತೊಳೆದಿದ್ದರು. ಕೆಲಸ ಮಾಡಿಸುತ್ತಿದ್ದ ಸೋದರಮಾವ ಖುಷಿಯಿಂದ ಎದುರು ಬಂದು ಬಸುರಿಯ ಕಂಬದ ಹತ್ತಿರ ಕರೆದೊಯ್ದರು.

"ನೋಡಮ್ಮಾ, ಇವಳಿಗೆ ಮಾತ್ರ ಮರಳು ಸಾಕಾಗ್ಲಿಲ್ಲ. ಎಲ್ಲರನ್ನೂ ಕಾಯೋ ತಾಯಿ, ಅವಳ ಮೈಮೇಲೆ ಇಷ್ಟು ಜಿಡ್ಡಾ ಅಂತ, ನೆಲಕ್ಕೆ ಪಾಲಿಶ್ ಹಾಕೋ ಮಷೀನ್ ಹಿಡಿಸಿ ನಿಂತು ಉಜ್ಜಿಸ್ದೆ. ಕುಂಭಾಭಿಷೇಕಕ್ಕೆ ಹೊಳೀಬೇಕಲ್ಲ!"

ಕಂಬ ನಿಜಕ್ಕೂ ಹೊಳೆಯುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

"ಮಾವಾ, ಉಜ್ಜಿಸ್ಲಿಲ್ಲ ನೀವು, ಅಳಿಸಿಬಿಟ್ರಿ!" ಎಂದು ಕಿರುಚಿದೆ. ಹೊರದೇಶದ ಗೈಡುಗಳಿಗೂ ನಾನು ಹಾಗೆ ಬೈದವಳಲ್ಲ. ಮಾವ ಕಂಬವನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟು ಹೊತ್ತೂ ಅವರಿಗೆ ಕೊಳೆ ಹೋದದ್ದಷ್ಟೇ ಕಂಡಿತ್ತು. "ಅಯ್ಯೋ ತಲ್ಲೀ..." ಎಂದು ತೆಲುಗಿನಲ್ಲೇ ತಾಯಿಯನ್ನು ಕರೆದು ಕೆನ್ನೆ ಬಡಿದುಕೊಂಡರು. ಅವರ ಮೂವರು ಮಕ್ಕಳ ಬಸಿರಿನಲ್ಲೂ ಅತ್ತೆ ಎಣ್ಣೆ ಹಚ್ಚಿದ್ದು ಅಲ್ಲಿಗೇ.

ತಂಗಿ ಅಳಲಿಲ್ಲ. ಎಣ್ಣೆಯ ಬಟ್ಟಲು ಹಿಡಿದು, "ಅಮ್ಮಾ, ಎಲ್ಲಿತ್ತು ತೋರ್ಸು. ಅದೇ ಜಾಗಕ್ಕೆ ಹಚ್ತೀನಿ" ಎಂದಳು.

ಅಮ್ಮ ಕಂಬಕ್ಕೆ ಅಂಗೈ ಇಟ್ಟಳು. "ಇಲ್ಲೇ ಕಣೇ." ಮತ್ತೆ ಕೈ ಮೇಲಕ್ಕೆ ಸರಿಸಿದಳು. "ಅಲ್ಲ, ಇಲ್ಲಿ. ನಿಮ್ಮಿಬ್ಬರನ್ನ ಹೊತ್ತಾಗ..." ಕೈ ಮತ್ತೆ ಕೆಳಗೆ ಬಂತು. ಎರಡು ಬಸಿರಿನಲ್ಲಿ ಅವಳು ಮುಟ್ಟಿದ ಹೊಟ್ಟೆ ಅವಳ ಕೈಗೇ ಸಿಗುತ್ತಿರಲಿಲ್ಲ.

ತಂಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ನೀನು ಪ್ರಪಂಚದ ಗುಡಿಯೆಲ್ಲ ನೋಡಿರೋಳು. ನಿಂಗೆ ಗೊತ್ತಿರುತ್ತೆ. ಎಲ್ಲಿ?"

ನನಗೆ ಗೊತ್ತಿರಲಿಲ್ಲ. ಅವಳ ಕೈ ಹಿಡಿದು, ಒಂದಿಷ್ಟೂ ತಡವರಿಸದೆ ಕಂಬದ ಒಂದು ಜಾಗಕ್ಕೆ ಒತ್ತಿದೆ.

"ಇಲ್ಲಿ," ಎಂದೆ. ಅವಳು ಕಣ್ಣು ಮುಚ್ಚಿ ಎಣ್ಣೆ ಸವರತೊಡಗಿದಳು.